ಅವ್ವನ ಮೆದುಳಿನ ಎಂಆರ್‌ಐ ಒಂದು ಸಲ ಆಗಿದೆ, ಮತ್ತೆ ಯಾಕೆ ಬರೆದುಕೊಟ್ಟರು?

ಬೈಲಹೊಂಗಲ_ಹುಡುಗ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಜಾಸ್ತಿ, ಬರೆಯುವುದು ಕಡಿಮೆ. ಆದರೆ ಎರಡು ವಾರದಿಂದ ಸರಿಯಾಗಿ ನಿದ್ದೆ ಇಲ್ಲ, ಅದಕ್ಕೇ ಕೇಳುತ್ತಿದ್ದೇನೆ.

ನಮ್ಮ ಅವ್ವನಿಗೆ 46 ವರ್ಷ. ಹೋದ ತಿಂಗಳು ಬೆಳಿಗ್ಗೆ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಬಲಗೈ ಹಿಟ್ಟಿನ ಮೇಲೆ ಹಾಗೇ ನಿಂತುಬಿಟ್ಟಿತು. ಏನಾಯ್ತವ್ವಾ ಅಂದರೆ ಬಾಯಿ ಆಡಿಸುತ್ತಾಳೆ, ಮಾತು ಹೊರಗೆ ಬರುತ್ತಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಕರಕಾಗುವಷ್ಟು ಹೊತ್ತು ಅಷ್ಟೇ, ಆಮೇಲೆ ಸರಿಹೋಯಿತು. "ಪಿತ್ತ ಆಗಿರಬೇಕು ಬಿಡು" ಅಂದಳು. ನಾಲ್ಕು ದಿನಕ್ಕೆ ಮತ್ತೆ ಹಾಗೇ ಆಯಿತು. ಆ ಸಲ ಕೈ ಸೆಟೆದುಕೊಂಡು ನಡುಗಿತು, ಫಿಟ್ಸ್ ಅಂತ ನಮಗೂ ಗೊತ್ತಾಯಿತು.

ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಎಂಆರ್‌ಐ ಮಾಡಿಸಿದೆವು, ಇಂಜೆಕ್ಷನ್ ಇಲ್ಲದ್ದು. ತಲೆಯ ಎಡಗಡೆ, ಮುಂಭಾಗದಲ್ಲಿ ಒಂದು ಬಿಳಿ ಕಲೆ ಇದೆ. ರಿಪೋರ್ಟಿನಲ್ಲಿ ಲೋ ಗ್ರೇಡ್ ಗ್ಲಯೋಮಾ (ನಿಧಾನ ಬೆಳೆಯುವ ಮೆದುಳಿನ ಗಡ್ಡೆ) ಇರಬಹುದು, ಹಳೇ ಇನ್‌ಫಾರ್ಕ್ಟ್ (ರಕ್ತ ಸಿಗದೆ ಸತ್ತ ಭಾಗ) ಇರಬಹುದು, ಬೇರೆ ಏನಾದರೂ ಇರಬಹುದು ಅಂತ ಬರೆದಿದ್ದಾರೆ. ಬೆಳಗಾವಿಯಲ್ಲಿ ನ್ಯೂರೋಸರ್ಜನ್‌ಗೆ ತೋರಿಸಿದೆವು. ಅವರು ಫಿಟ್ಸ್ ಗುಳಿಗೆ ಶುರು ಮಾಡಿ, ಮತ್ತೆ ಎಂಆರ್‌ಐ ಬರೆದರು. ಕಾಂಟ್ರಾಸ್ಟ್, ಸ್ಪೆಕ್ಟ್ರೋಸ್ಕೋಪಿ, ಪರ್ಫ್ಯೂಷನ್, ಟ್ರ್ಯಾಕ್ಟೋಗ್ರಫಿ, ಫಂಕ್ಷನಲ್ ಎಂಆರ್‌ಐ. ಐದು ಹೆಸರು! ನಮ್ಮ ಕಾಕಾ ಚೀಟಿ ನೋಡಿ, ಇದೆಲ್ಲ ದುಡ್ಡಿನ ಧಂದೆ, ಒಂದು ಸಲ ಫೋಟೋ ತೆಗೆದ ಮೇಲೆ ಮತ್ತೆ ಅದೇ ತಲೆಯ ಫೋಟೋ ಯಾಕೆ, ಮಿರಜ್‌ಗೆ ಹೋಗೋಣ ನಡಿ ಅಂತ ಹಟ ಹಿಡಿದಿದ್ದಾರೆ. ನನಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಇದನ್ನೆಲ್ಲ ಮಾಡಿಸಲೇಬೇಕಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಇಂಡಿ_ಲಿಂಬು

ತಮ್ಮಾ, ಮೊದಲು ಧೈರ್ಯ ತಂದುಕೋ. ಬಿಳಿ ಕಲೆ ಅಂದ ಕೂಡಲೇ ಕ್ಯಾನ್ಸರ್ ಅಂತಲ್ಲ. ನಮ್ಮ ಅಕ್ಕನ ಮಗ ವಿಜಯಪುರದಲ್ಲಿ ಡಿಗ್ರಿ ಓದುವಾಗ ಹಾಸ್ಟೆಲ್‌ನಲ್ಲಿ ಫಿಟ್ಸ್ ಬಂದು ಬಿದ್ದ. ಸ್ಕ್ಯಾನ್‌ನಲ್ಲಿ ಉಂಗುರದ ಹಾಗೆ ಒಂದು ಗಂಟು. ಊರಲ್ಲಿ ಒಬ್ಬರು ಗಡ್ಡೆ ಅಂದರು, ಅಷ್ಟಕ್ಕೇ ಅಕ್ಕ ಊಟ ಬಿಟ್ಟಳು. ಆಮೇಲೆ ಸೊಲ್ಲಾಪುರದಲ್ಲಿ ತೋರಿಸಿದಾಗ ಅದು ಲಾಡಿಹುಳದ ಮೊಟ್ಟೆಯಿಂದ ಆದ ಗಂಟು ಅಂತ ಹೇಳಿದರು. ಗಂಟು 2 ಸೆಂಟಿಮೀಟರ್‌ಗಿಂತ ಸಣ್ಣದಿತ್ತು, ಒಳಗೆ ಹುಳದ ತಲೆ ಒಂದು ಚುಕ್ಕಿಯಾಗಿ ಕಾಣುತ್ತಿತ್ತು. ಗುಳಿಗೆ ಕೊಟ್ಟರು, ಕೆಲವು ತಿಂಗಳ ಮೇಲೆ ಮತ್ತೆ ಸ್ಕ್ಯಾನ್ ಮಾಡಿದರೆ ಗಂಟು ಕರಗಿತ್ತು.

ನಾವು ಮಾಂಸ ಮುಟ್ಟುವವರಲ್ಲ, ಹುಳ ಎಲ್ಲಿಂದ ಬಂತು ಅಂತ ಅಕ್ಕ ಜಗಳಕ್ಕೇ ನಿಂತಿದ್ದಳು. ಮಾಂಸ ತಿನ್ನದಿದ್ದರೂ ಬರುತ್ತದೆ ಅಂತ ಆ ಡಾಕ್ಟರ್ ಸಮಾಧಾನವಾಗಿ ಕೂತು ಹೇಳಿದರು. ಮೊಟ್ಟೆ ಇರುವ ಹೊಲಸು ನೀರು ಬಿದ್ದ ಕೊತ್ತಂಬರಿ, ಮೂಲಂಗಿ, ಮೆಂತೆ ಸೊಪ್ಪನ್ನು ತೊಳೆಯದೆ ಹಸಿಯಾಗಿ ತಿಂದರೂ ಸಾಕಂತೆ. ನಮ್ಮ ಕಡೆ ರೊಟ್ಟಿ ಜೊತೆ ಹಸಿ ಸೊಪ್ಪು ಇಲ್ಲದೆ ಊಟ ಆಗುತ್ತದಾ?

ಉದ್ಯಮಬಾಗ್_ಲೇತ್

ನನ್ನದೂ ಒಂದು ಪ್ರಶ್ನೆ. ಮೊದಲೆಲ್ಲ ಒಂದು ಸಿಟಿ ಸ್ಕ್ಯಾನ್ ಮಾಡಿ ಆಪರೇಷನ್ ಮಾಡುತ್ತಿದ್ದರು ಅಲ್ವಾ? ಈಗ ಇಷ್ಟೊಂದು ಯಾಕೆ? ಇನ್ನೊಂದು, ಹೀಗೆ ಮೇಲಿಂದ ಮೇಲೆ ಎಂಆರ್‌ಐ ಮಾಡಿಸಿದರೆ ರೇಡಿಯೇಷನ್ ಬೀಳುವುದಿಲ್ವಾ? ನನ್ನ ಹೆಂಡತಿಗೂ ತಲೆಶೂಲೆಗೆ ಬರೆದುಕೊಟ್ಟಿದ್ದಾರೆ, ಅದಕ್ಕೇ ಕೇಳಿದೆ.

ರೇಡಿಯಾಲಜಿ_ಪಿಜಿ

ನಾನು ರೇಡಿಯಾಲಜಿಯಲ್ಲಿ ಪಿಜಿ ಮಾಡುತ್ತಿದ್ದೇನೆ. ಸ್ಕ್ಯಾನ್ ನೋಡದೆ ನಿಮ್ಮ ತಾಯಿಯವರ ಕಾಯಿಲೆ ಇದೇ ಅಂತ ನಾನು ಹೇಳುವುದಿಲ್ಲ, ಬೇರೆ ಯಾರು ಹೇಳಿದರೂ ನಂಬಬೇಡಿ. ಆದರೆ ಆ ಐದು ಹೆಸರು ಯಾಕೆ ಅಂತ ಹೇಳಬಲ್ಲೆ.

ಮೊದಲು ಉದ್ಯಮಬಾಗ್ ಅಣ್ಣನಿಗೆ: ಎಂಆರ್‌ಐನಲ್ಲಿ ಎಕ್ಸ್-ರೇ ಇಲ್ಲ. ಆ ಥರದ ರೇಡಿಯೇಷನ್ ಸಿಟಿಯಲ್ಲಿ ಇದೆ, ಇದರಲ್ಲಿ ಇಲ್ಲ. ಅಯಸ್ಕಾಂತ ಮತ್ತು ರೇಡಿಯೋ ಅಲೆ, ಅಷ್ಟೇ.

ಈಗ ಹುಡುಗನ ಪ್ರಶ್ನೆ. ನಿಮ್ಮ ಕಾಕಾ ಹೇಳಿದ ಹಾಗೆ ಅದೇ ತಲೆ, ನಿಜ. ಆದರೆ ಡಾಕ್ಟರ್ ಈಗ ಕೇಳುತ್ತಿರುವ ಪ್ರಶ್ನೆ ಬೇರೆ. ಸಾದಾ ಎಂಆರ್‌ಐ ಎಲ್ಲಿದೆ, ಎಷ್ಟು ದೊಡ್ಡದು, ಸುತ್ತ ಬಾವು ಇದೆಯಾ ಅಂತ ಹೇಳುತ್ತದೆ. ಅದು ಏನು ಅಂತ ಹೇಳಲು ಎಷ್ಟೋ ಸಲ ಅದರಿಂದ ಆಗುವುದಿಲ್ಲ. ಗಡ್ಡೆ, ಟಿಬಿ ಗಂಟು, ಕೀವು, ಹುಳದ ಗಂಟು, ಬೇರೆ ಕಡೆಯಿಂದ ಹರಡಿದ ಕ್ಯಾನ್ಸರ್, ಇವೆಲ್ಲ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣಲು ಕೊಡುವ ಇಂಜೆಕ್ಷನ್) ಕೊಟ್ಟ ಮೇಲೂ ಒಂದೇ ಥರ ಉಂಗುರವಾಗಿ ಕಾಣಬಹುದು. ನಮ್ಮ ದೇಶದಲ್ಲಿ ಟಿಬಿ ಮತ್ತು ಹುಳದ ಗಂಟು ಇಷ್ಟು ಜಾಸ್ತಿ ಇರುವುದರಿಂದ ಈ ಗೊಂದಲ ನಮಗೇ ಹೆಚ್ಚು. ವೆಲ್ಲೂರಿನ ಸಿಎಂಸಿಯಲ್ಲಿ ಹುಳದ ಗಂಟನ್ನು ಟಿಬಿ ಗಂಟಿನಿಂದ ಬೇರೆ ಮಾಡಿ ಗುರುತಿಸಲು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಇಂಡಿಯವರು ಬರೆದ 2 ಸೆಂಟಿಮೀಟರ್ ಲೆಕ್ಕ ಅಲ್ಲಿಂದಲೇ ಬಂದಿದ್ದು.

ಡಿಫ್ಯೂಷನ್ ಅಂತ ಒಂದಿದೆ, ಅದು ಸಾದಾ ಸ್ಕ್ಯಾನ್ ಜೊತೆಗೇ ಆಗಿರುತ್ತದೆ. ನೀರಿನ ಕಣ ಎಷ್ಟು ಸಲೀಸಾಗಿ ಓಡಾಡುತ್ತದೆ ಅಂತ ಅಳೆಯುತ್ತದೆ. ಕೀವು ದಪ್ಪ, ಅದರಲ್ಲಿ ನೀರಿಗೆ ಅಲುಗಾಡಲು ಜಾಗ ಇಲ್ಲ, ಬನಶಂಕರಿ ಜಾತ್ರೆಯಲ್ಲಿ ತೇರಿನ ಹೊತ್ತಿಗೆ ಸಿಕ್ಕಿಕೊಂಡವರ ಹಾಗೆ. ಆದ್ದರಿಂದ ಕೀವಿನ ಗಂಟಿನ ನಡುಭಾಗ ಡಿಫ್ಯೂಷನ್‌ನಲ್ಲಿ ಬೆಳ್ಳಗೆ ಹೊಳೆಯುತ್ತದೆ. ಗಡ್ಡೆ ಒಳಗೆ ಸತ್ತು ತೆಳ್ಳಗಾದ ಭಾಗ ಸಾಮಾನ್ಯವಾಗಿ ಹಾಗೆ ಹೊಳೆಯುವುದಿಲ್ಲ. ಕೀವಾದರೆ ತುರ್ತಾಗಿ ತೆಗೆಯಬೇಕು, ಆಂಟಿಬಯೋಟಿಕ್ ಬೇಕು. ಗಡ್ಡೆಯಾದರೆ ದಾರಿಯೇ ಬೇರೆ. ಈ ಒಂದು ವ್ಯತ್ಯಾಸಕ್ಕೆ ಎಷ್ಟೋ ಜನ ಬದುಕಿದ್ದಾರೆ.

ಪರ್ಫ್ಯೂಷನ್ ಅಂದರೆ ಆ ಜಾಗಕ್ಕೆ ರಕ್ತ ಎಷ್ಟು ಹೋಗುತ್ತಿದೆ ಅನ್ನುವ ಲೆಕ್ಕ. ಬೇಗ ಬೆಳೆಯುವ ಗಡ್ಡೆ ತನಗೆ ಬೇಕಾದ ರಕ್ತನಾಳಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಕೈಗೆ ಸೂಜಿ ಹಾಕಿ, ಗ್ಯಾಡೋಲಿನಿಯಂ ಇರುವ ಔಷಧಿಯನ್ನು ಮಶೀನ್‌ನಿಂದ ಸೆಕೆಂಡಿಗೆ 4-5 ಎಂಎಲ್ ವೇಗದಲ್ಲಿ ಬಿಡುತ್ತಾರೆ. ಅದು ಮೆದುಳಿನ ಮೂಲಕ ಹಾದುಹೋಗುವಾಗ ಒಂದೂವರೆ, ಎರಡು ಸೆಕೆಂಡಿಗೊಮ್ಮೆ ಇಡೀ ತಲೆಯ ಚಿತ್ರ ತೆಗೆಯುತ್ತಾರೆ. ಇದಕ್ಕಾಗಿಯೇ ಮೊದಲು ರಕ್ತದಲ್ಲಿ ಕ್ರಿಯಾಟಿನಿನ್ ನೋಡುವುದು. ಕಿಡ್ನಿ ತುಂಬಾ ದುರ್ಬಲ ಇದ್ದರೆ ಈ ಔಷಧಿ ಕೊಡುವಾಗ ಎಚ್ಚರ ಬೇಕು. ಅಂಥವರಿಗೆ ಔಷಧಿಯೇ ಇಲ್ಲದೆ ರಕ್ತದ ಹರಿವು ಅಳೆಯುವ ಎಎಸ್ಎಲ್ ಅನ್ನುವ ವಿಧಾನವೂ ಇದೆ.

ಟ್ರ್ಯಾಕ್ಟೋಗ್ರಫಿ ಮತ್ತು ಫಂಕ್ಷನಲ್ ಎಂಆರ್‌ಐ ಬರೆದಿದ್ದಾರೆ ಅಂದರೆ ನಿಮ್ಮ ಸರ್ಜನ್ ಆಪರೇಷನ್ ಬಗ್ಗೆ ಆಗಲೇ ಯೋಚಿಸುತ್ತಿದ್ದಾರೆ. ತಾಯಿಯವರಿಗೆ ಮಾತು ನಿಂತಿತ್ತು, ಬಲಗೈ ಸೆಟೆಯಿತು ಅಂತೀರಿ. ಕಲೆ ಎಡಗಡೆ ಮುಂದೆ ಇದೆ. ಮಾತು ಮತ್ತು ಬಲಗೈಯ ಜಾಗ ಅದರ ಅಕ್ಕಪಕ್ಕವೇ. ಎಷ್ಟು ತೆಗೆಯಬಹುದು, ಎಲ್ಲಿ ನಿಲ್ಲಿಸಬೇಕು ಅನ್ನುವುದು ಅವರಿಗೆ ಮೊದಲೇ ಗೊತ್ತಿರಬೇಕು. ಇದು ಧಂದೆ ಅಲ್ಲ. ನನ್ನ ಅವ್ವನಾಗಿದ್ದರೆ ನಾನೂ ಇದನ್ನೇ ಮಾಡಿಸುತ್ತಿದ್ದೆ.

ಫಿಸಿಕ್ಸ್_ಮಾಸ್ತರ

ವಿಜಯಪುರದಲ್ಲಿ ಪಿಯುಸಿ ಹುಡುಗರಿಗೆ ಫಿಸಿಕ್ಸ್ ಹೇಳುತ್ತೇನೆ. ಡಾಕ್ಟರ್ ಸ್ಪೆಕ್ಟ್ರೋಸ್ಕೋಪಿ ಬಿಟ್ಟರು, ಅದನ್ನು ನಾನು ಹೇಳಲಾ? ನನಗೆ ಇದರಷ್ಟು ಇಷ್ಟವಾದ ವಿಷಯ ಇನ್ನೊಂದಿಲ್ಲ.

ನಮ್ಮ ಮೈಯಲ್ಲಿ ನೀರು ತುಂಬಿದೆ, ನೀರಲ್ಲಿ ಹೈಡ್ರೋಜನ್. 1.5 ಟೆಸ್ಲಾ ಮಶೀನ್‌ನ ಅಯಸ್ಕಾಂತ ಭೂಮಿಯ ಅಯಸ್ಕಾಂತ ಶಕ್ತಿಗಿಂತ ಹೆಚ್ಚುಕಡಿಮೆ 30,000 ಪಟ್ಟು ಜೋರು. ಅದರೊಳಗೆ ಹೈಡ್ರೋಜನ್ ಸುಮಾರು 64 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. 3 ಟೆಸ್ಲಾ ಆದರೆ 128. ನೀವು ಕೇಳುವ ಎಫ್ಎಂ 88ರಿಂದ 108ರ ಒಳಗೆ ಬರುತ್ತದೆ, ಅಂದರೆ ಎಂಆರ್‌ಐ ಮಶೀನ್ ನಿಜವಾಗಿಯೂ ಮೈಯ ರೇಡಿಯೋ ಕೇಳುತ್ತಿರುತ್ತದೆ. ಗಡ್ಡೆಯ ಹೈಡ್ರೋಜನ್ ಉತ್ತರ ಕೊಟ್ಟು ಸುಮ್ಮನಾಗಲು ಆರೋಗ್ಯದ ಭಾಗಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ ಅಂತ ರೇಮಂಡ್ ಡಮೇಡಿಯನ್ 1971ರಲ್ಲಿ ಇಲಿಗಳ ಗಡ್ಡೆಯಲ್ಲಿ ತೋರಿಸಿದರು. ಚಿತ್ರ ತೆಗೆಯುವ ದಾರಿ ಹುಡುಕಿದ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ 2003ರಲ್ಲಿ ನೊಬೆಲ್ ಸಿಕ್ಕಿತು. ಹಾಗೆ ನೋಡಿದರೆ ಗಡ್ಡೆ ಹುಡುಕುವ ಆಸೆ ಎಂಆರ್‌ಐ ಚಿತ್ರಕ್ಕಿಂತಲೂ ಮೊದಲಿನದು.

ಈಗ ಸ್ಪೆಕ್ಟ್ರೋಸ್ಕೋಪಿಗೆ ಬರೋಣ. ಹೈಡ್ರೋಜನ್ ಬರೀ ನೀರಲ್ಲಿ ಇಲ್ಲ, ಬೇರೆ ರಾಸಾಯನಿಕಗಳಲ್ಲೂ ಇದೆ. ಪ್ರತಿಯೊಂದರಲ್ಲೂ ಅದರ ಶ್ರುತಿ ಒಂಚೂರು ಬೇರೆ. ಭಜನೆಯಲ್ಲಿ ಏಕತಾರಿ, ತಾಳ, ದಮಡಿ ಒಟ್ಟಿಗೆ ನುಡಿದರೂ ನಮ್ಮ ಕಿವಿ ಇದು ಅದು ಅಂತ ಗುರುತಿಸುತ್ತದಲ್ಲ, ಹಾಗೆ. ಎನ್ಎಎ ಅನ್ನುವ ರಾಸಾಯನಿಕ ಗ್ರಾಫ್‌ನ ಅಡಿಯ ಅಳತೆಯಲ್ಲಿ (ಪಿಪಿಎಂ) 2.0ರ ಜಾಗದಲ್ಲಿ ಕಾಣುತ್ತದೆ, ಅದು ನರಕೋಶ ಚೆನ್ನಾಗಿದೆ ಅನ್ನುವ ಗುರುತು. ಕೋಲೀನ್ 3.2ರಲ್ಲಿ, ಅದು ಜೀವಕೋಶದ ಗೋಡೆ ಕಟ್ಟುವ ಸಾಮಾನು. ಕೋಶಗಳು ಬೇಗ ಬೇಗ ಹುಟ್ಟುತ್ತಿದ್ದರೆ ಅದು ಏರುತ್ತದೆ. ಕ್ರಿಯಾಟಿನ್ 3.0ರಲ್ಲಿ. 1.3ರ ಹತ್ತಿರ ಲ್ಯಾಕ್ಟೇಟ್ ಮತ್ತು ಕೊಬ್ಬು. ಆರೋಗ್ಯದ ಮೆದುಳಿನ ಗ್ರಾಫ್‌ನಲ್ಲಿ ಎನ್ಎಎ ಎಲ್ಲಕ್ಕಿಂತ ಎತ್ತರ. ಗಡ್ಡೆಯಲ್ಲಿ ಆ ಶಿಖರ ಕುಸಿಯುತ್ತದೆ, ಕೋಲೀನ್ ಮೇಲೇಳುತ್ತದೆ. ಟಿಬಿ ಗಂಟಿನಲ್ಲಿ ಕೊಬ್ಬಿನ ಶಿಖರ ಒಂದೇ ಎದ್ದು ನಿಲ್ಲುವುದು ಹೆಚ್ಚು. ಅದರ ಮೇಲೆ ಲಖನೌದ ಸಂಜಯ್ ಗಾಂಧಿ ಸಂಸ್ಥೆಯವರು ಒಳ್ಳೆಯ ಕೆಲಸ ಮಾಡಿದ್ದಾರೆ.

ಕಷ್ಟ ಏನೆಂದರೆ ಈ ರಾಸಾಯನಿಕಗಳ ದನಿ ನೀರಿನ ದನಿಗಿಂತ ಸಾವಿರಾರು ಪಟ್ಟು ಸಣ್ಣದು. ನೀರಿನ ದನಿಯನ್ನು ಅಡಗಿಸಿ ಕೇಳಬೇಕು. ಜಾಗವೂ ಒಂದೂವರೆ, ಎರಡು ಸೆಂಟಿಮೀಟರ್ ಚೌಕದ್ದು ಬೇಕು, ಹೊತ್ತೂ ಹಿಡಿಯುತ್ತದೆ. ಅದರ ನಡುವೆ ತಲೆ ಅಲ್ಲಾಡಿಸಿದರೆ ಎಲ್ಲ ಕಲಸಿಹೋಗುತ್ತದೆ.

ಬೈಲಹೊಂಗಲ_ಹುಡುಗ

ಡಾಕ್ಟರ್ ಮತ್ತು ಮಾಸ್ತರಿಗೆ ತುಂಬಾ ಧನ್ಯವಾದ ರೀ. ಎರಡನ್ನೂ ಕಾಕಾಗೆ ಓದಿ ಹೇಳಿದೆ. ಪೂರ್ತಿ ಕೇಳಿ, ಹಂಗಾದರೆ ಮಾಡಿಸು ಅಂದರು. ಮುಂದಿನ ಸೋಮವಾರ ಬೆಳಗಾವಿಯಲ್ಲೇ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಈಗ ಅವ್ವನ ಭಯ. ಮೊದಲ ಸಲ ಆ ಶಬ್ದಕ್ಕೆ ಹೆದರಿ, ಒಳಗೆ ಅತ್ತಿದ್ದಳಂತೆ. ಈ ಸಲ ಒಂದು ತಾಸು ಅಂತ ಹೇಳಿದ್ದಾರೆ. ಏನು ಮಾಡಲಿ?

ಎಂಆರ್‌ಐ_ಟೆಕ್ನಿಷಿಯನ್

ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ಮೊದಲು ಬಾಗಲಕೋಟೆ, ಈಗ ವಿಜಯಪುರ. ಹೆದರುವವರನ್ನು ದಿನಾ ನೋಡುತ್ತೇನೆ, ಅದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಮೊದಲೇ ಹೇಳಿಬಿಡಿ, ನಾವು ಸಮಯ ಕೊಡುತ್ತೇವೆ. ಮಲಗಿಸುವ ಮೊದಲೇ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡರೆ ಎಷ್ಟೋ ಜನಕ್ಕೆ ಇಕ್ಕಟ್ಟು ಅನಿಸುವುದಿಲ್ಲ. ಕೈಯಲ್ಲಿ ಒಂದು ರಬ್ಬರ್ ಚೆಂಡು ಕೊಡುತ್ತೇವೆ, ಅದನ್ನು ಒತ್ತಿದರೆ ನಮಗೆ ಬೆಲ್ ಆಗುತ್ತದೆ, ಕೂಡಲೇ ನಿಲ್ಲಿಸುತ್ತೇವೆ. ಮನೆಯವರೊಬ್ಬರು ಒಳಗೆ ಕಾಲು ಹಿಡಿದುಕೊಂಡು ನಿಲ್ಲಬಹುದು, ಆದರೆ ಅವರ ಮೈಮೇಲೂ ಕಬ್ಬಿಣ ಇರಬಾರದು. ಮನೆಯಲ್ಲೇ ಅಭ್ಯಾಸ ಮಾಡಿಸಿ. ಮಂಚದ ಮೇಲೆ ಅಂಗಾತ ಮಲಗಿಸಿ, ಐದು ನಿಮಿಷ ತಲೆ ಅಲ್ಲಾಡಿಸದೆ ಇರಲಿ, ಆಮೇಲೆ ಹತ್ತು ನಿಮಿಷ. ಕೆಮ್ಮಿದ್ದರೆ ಮೊದಲೇ ಔಷಧಿ ತಗೊಳ್ಳಿ. ಕೆಮ್ಮಿನಿಂದ ಹಾಳಾದಷ್ಟು ಸ್ಪೆಕ್ಟ್ರೋಸ್ಕೋಪಿ ಬೇರೆ ಯಾವುದರಿಂದಲೂ ಹಾಳಾಗಿಲ್ಲ.

ಲೋಹದ ಮಾತು. ತಾಳಿ, ಮೂಗುತಿ, ಕಾಲುಂಗುರ, ಕ್ಲಿಪ್ಪು, ಸೀರೆ ಪಿನ್ನು ಎಲ್ಲ ಮನೆಯಲ್ಲೇ ತೆಗೆದಿಟ್ಟು ಬನ್ನಿ. ಕಾಲುಂಗುರ ವರ್ಷಗಟ್ಟಲೆ ತೆಗೆಯದೆ ಬಿಗಿದಿರುತ್ತದೆ, ಹಿಂದಿನ ದಿನ ಕೊಬ್ಬರಿ ಎಣ್ಣೆ ಹಚ್ಚಿ ಸಾವಕಾಶ ತೆಗೆಯಿರಿ, ಇಲ್ಲದಿದ್ದರೆ ನಮ್ಮ ಬಾಗಿಲ ಮುಂದೆ ಅರ್ಧ ತಾಸು ಒದ್ದಾಟ. ಗಂಡಸರ ಉಡದಾರ ಯಾರಿಗೂ ನೆನಪೇ ಇರುವುದಿಲ್ಲ. ಬೆಳ್ಳಿ ಅಂತೀರಿ, ಕೊಂಡಿ ಬೇರೆ ಲೋಹದ್ದಿರುತ್ತದೆ. ತಾಯತ, ಜರಿ ಇರುವ ಬಟ್ಟೆ, ಕಣ್ಣಿನ ಕಾಡಿಗೆ ಬೇಡ. ಹಲ್ಲಿನ ಸೆಟ್ ತೆಗೆಯಿರಿ. ಪೇಸ್‌ಮೇಕರ್, ಕಿವಿಯ ಒಳಗಿನ ಮಶೀನ್, ಮೆದುಳಿನ ರಕ್ತನಾಳಕ್ಕೆ ಹಾಕಿದ ಕ್ಲಿಪ್, ಇವುಗಳ ಕಾಗದ ತರಲೇಬೇಕು. ಎಲುಬಿಗೆ ಹಾಕಿದ ಟೈಟಾನಿಯಂ ರಾಡ್ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ, ಆದರೂ ಹೇಳಿ.

ಉದ್ಯಮಬಾಗ್ ಅಣ್ಣಾ, ನಿಮಗೊಂದು ಮಾತು. ಲೇತ್, ಗ್ರೈಂಡಿಂಗ್, ವೆಲ್ಡಿಂಗ್ ಕೆಲಸ ಮಾಡಿದವರ ಕಣ್ಣಲ್ಲಿ ಯಾವಾಗಲೋ ಸಿಡಿದ ಕಬ್ಬಿಣದ ಚೂರು ಉಳಿದಿರಬಹುದು. ಅಯಸ್ಕಾಂತದ ಹತ್ತಿರ ಅದು ಸರಿದರೆ ಕಣ್ಣೇ ಹೋಗಬಹುದು. ಹೆಂಡತಿಯ ಜೊತೆ ನೀವು ಸುಮ್ನೆ ಒಳಗೆ ಬರಬೇಡಿ. ಮೊದಲು ನಮಗೆ ಹೇಳಿದರೆ ಕಣ್ಣಿನ ಎಕ್ಸ್-ರೇ ತೆಗೆದು ನೋಡುತ್ತೇವೆ.

ಕೆಲವರು ಇದನ್ನೆಲ್ಲ ಕಿರಿಕಿರಿ ಅಂದುಕೊಳ್ಳುತ್ತಾರೆ. 2018ರ ಜನವರಿಯಲ್ಲಿ ಮುಂಬೈನ ಒಂದು ಆಸ್ಪತ್ರೆಯಲ್ಲಿ ರೋಗಿಯ ಜೊತೆ ಬಂದ ಒಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂಆರ್‌ಐ ಕೋಣೆ ಒಳಗೆ ಹೋದರು. ಮಶೀನ್ ಸಿಲಿಂಡರ್ ಸಮೇತ ಎಳೆದುಕೊಂಡಿತು, ಅವರು ಉಳಿಯಲಿಲ್ಲ. ಸ್ಕ್ಯಾನ್ ನಡೆಯದಿದ್ದರೂ ಆ ಅಯಸ್ಕಾಂತ ಯಾವಾಗಲೂ ಚಾಲೂ ಇರುತ್ತದೆ. ಅದಕ್ಕೆ ಆಫ್ ಬಟನ್ ಇಲ್ಲ ಅಂದುಕೊಳ್ಳಿ.

ಅಥಣಿ_ಅಜ್ಜಿಯ_ಮೊಮ್ಮಗಳು

ಟೆಕ್ನಿಷಿಯನ್ ಅಣ್ಣಾ, ನಮ್ಮ ಅಜ್ಜಿ ಇಷ್ಟಲಿಂಗದ ಕರಡಿಗೆ ಕೊರಳಿಂದ ತೆಗೆಯುವುದಿಲ್ಲ ಅಂತ ಕೂತಿದ್ದಾರೆ. ಬೆಳ್ಳಿ ಕರಡಿಗೆ. ಎರಡು ಸಲ ಸ್ಕ್ಯಾನ್ ಮುಂದೆ ಹಾಕಿದೆವು. ಒತ್ತಾಯ ಮಾಡಲು ಮನಸ್ಸು ಬರುತ್ತಿಲ್ಲ.

ಎಂಆರ್‌ಐ_ಟೆಕ್ನಿಷಿಯನ್

ಒತ್ತಾಯ ಬೇಡ ತಂಗಿ. ನಮ್ಮಲ್ಲಿ ವಾರಕ್ಕೆ ಒಬ್ಬರಾದರೂ ಹೀಗೆ ಬರುತ್ತಾರೆ. ಕರಡಿಗೆಯನ್ನು ನಾವ್ಯಾರೂ ಮುಟ್ಟುವುದಿಲ್ಲ. ಅಜ್ಜಿಯೇ ತಮ್ಮ ಕೈಯಿಂದ ತೆಗೆದು, ಮಡಿ ಬಟ್ಟೆಯಲ್ಲಿ ಸುತ್ತಿ, ನಿಮ್ಮ ಅಂಗೈಯಲ್ಲಿ ಇಡಲಿ. ನೀವು ಬಾಗಿಲ ಹೊರಗೆ ಅಂಗೈ ಮೇಲೆ ಹಿಡಿದುಕೊಂಡೇ ಕೂತಿರಿ, ಕೆಳಗೆ ಇಡಬೇಡಿ, ಬ್ಯಾಗಿಗೆ ಹಾಕಬೇಡಿ. ಹೊರಗೆ ಬಂದ ಕೂಡಲೇ ಅವರೇ ಕಟ್ಟಿಕೊಳ್ಳಲಿ. ಇದನ್ನು ಮನೆಯಲ್ಲೇ ಮೊದಲು ಹೇಳಿ. ಆಸ್ಪತ್ರೆಯ ಬಾಗಿಲಲ್ಲಿ ನಿಂತು ಹೇಳಿದರೆ ಯಾರಾದರೂ ಗಾಬರಿಯಾಗುತ್ತಾರೆ.

ಮುಧೋಳ_ಅಕ್ಕ

ನಾನು ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಬರೆಯುತ್ತೇನೆ.

ನಮ್ಮ ಅಣ್ಣನಿಗೆ ಗ್ಲಯೋಬ್ಲಾಸ್ಟೋಮಾ, ಮೆದುಳಿನಲ್ಲಿ ಬೇಗ ಬೆಳೆಯುವ ಕ್ಯಾನ್ಸರ್ ಗಡ್ಡೆ. ಆಪರೇಷನ್ ಆಯಿತು, ಆರು ವಾರ ರೇಡಿಯೇಷನ್, ಜೊತೆಗೆ ಗುಳಿಗೆ. ಮುಗಿದು ಎರಡು ತಿಂಗಳಿಗೆ ಮಾಡಿದ ಎಂಆರ್‌ಐನಲ್ಲಿ ಕಾಂಟ್ರಾಸ್ಟ್ ಹಿಡಿಯುವ ಭಾಗ ಮೊದಲಿಗಿಂತ ದೊಡ್ಡದಾಗಿತ್ತು. ರಿಪೋರ್ಟ್ ಓದಿ ಅತ್ತಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೇ ಕೂತುಬಿಟ್ಟಳು. ಮತ್ತೆ ಬೆಳೆಯಿತು ಅಂತ ನಾವೆಲ್ಲ ಅಂದುಕೊಂಡೆವು. ಸಂಬಂಧಿಕರು ಇನ್ನು ಆಸ್ಪತ್ರೆ ಸಾಕು, ಮನೆಗೆ ಕರೆದುಕೊಂಡು ಬನ್ನಿ ಅಂದರು.

ಡಾಕ್ಟರ್ ಮಾತ್ರ ತಡೆಯಿರಿ, ಪರ್ಫ್ಯೂಷನ್ ನೋಡೋಣ ಅಂದರು. ಬಣ್ಣದ ಚಿತ್ರ ಪರದೆಯ ಮೇಲೆ ತೋರಿಸಿದರು. ಗಡ್ಡೆ ಮತ್ತೆ ಬೆಳೆದಿದ್ದರೆ ಆ ಜಾಗ ಕೆಂಪಾಗಿರಬೇಕು, ರಕ್ತ ಜಾಸ್ತಿ ಇರಬೇಕು, ನಿಮ್ಮ ಅಣ್ಣನದು ನೀಲಿ ಇದೆ ನೋಡಿ ಅಂತ ಬೆರಳಿಟ್ಟು ಹೇಳಿದರು. ರೇಡಿಯೇಷನ್ ಆದ ಮೊದಲ ಮೂರು ತಿಂಗಳಲ್ಲಿ ಚಿಕಿತ್ಸೆಯ ಪೆಟ್ಟಿಗೇ ಆ ಜಾಗ ಹೀಗೆ ಉಬ್ಬಿ ಕಾಣಬಹುದಂತೆ, ಅದಕ್ಕೆ ಸ್ಯೂಡೋಪ್ರೊಗ್ರೆಷನ್ ಅನ್ನುತ್ತಾರೆ. ಗುಳಿಗೆ ನಿಲ್ಲಿಸಲಿಲ್ಲ. ಎರಡು ತಿಂಗಳ ಮೇಲೆ ಮತ್ತೆ ನೋಡಿದಾಗ ಸಣ್ಣದಾಗಿತ್ತು.

ಅಣ್ಣ ಆಮೇಲೆ ಒಂದೂವರೆ ವರ್ಷ ನಮ್ಮ ಜೊತೆ ಇದ್ದ. ಆ ಒಂದೂವರೆ ವರ್ಷದಲ್ಲಿ ಹೊಲದ ಪೈಪ್‌ಲೈನ್ ತಾನೇ ನಿಂತು ಮಾಡಿಸಿದ, ಎರಡು ಬೆಳೆ ಕಬ್ಬು ಫ್ಯಾಕ್ಟರಿಗೆ ಕಳಿಸಿದ. ಆವತ್ತು ರಿಪೋರ್ಟ್ ಒಂದನ್ನೇ ನಂಬಿ ಮನೆಗೆ ಕರೆತಂದಿದ್ದರೆ ಅದು ಯಾವುದೂ ಆಗುತ್ತಿರಲಿಲ್ಲ.

ಇನ್ನೊಂದು ಹೇಳಲೇಬೇಕು. ಫಿಲ್ಮ್ ಸಾಲುವುದಿಲ್ಲ, ಸಿಡಿ ಕೇಳಿ ತಗೊಳ್ಳಿ. ನಮ್ಮ ಮೊದಲ ಸ್ಕ್ಯಾನ್ ಮಾಡಿದ ಕಡೆ ಬರೀ ಫಿಲ್ಮ್ ಕೊಟ್ಟು ಕಳಿಸಿದ್ದರು. ರಾಣಿ ಚೆನ್ನಮ್ಮ ರೈಲಿನಲ್ಲಿ ರಾತ್ರಿಯಿಡೀ ಬೆಂಗಳೂರಿಗೆ ಹೋಗಿ ನಿಮ್ಹಾನ್ಸ್‌ನಲ್ಲಿ ತೋರಿಸಿದರೆ, ಪರ್ಫ್ಯೂಷನ್ ಲೆಕ್ಕ ಹಾಕಲು ಫಿಲ್ಮಿನಿಂದ ಆಗುವುದಿಲ್ಲ, ಸಿಡಿ ಬೇಕು ಅಂದರು. ಒಬ್ಬರು ಮತ್ತೆ ಊರಿಗೆ ಬಂದು ತರಬೇಕಾಯಿತು. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ಅಡ್ಮಿಟ್ ಆಗುವ ಮೊದಲೇ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಕೇಳುತ್ತಾರೆ.

ಇಂಡಿ_ಲಿಂಬು

ಅಕ್ಕಾರ, ಓದಿ ಕಣ್ಣು ತುಂಬಿ ಬಂತು. ಬರೆದಿದ್ದು ಒಳ್ಳೆಯದಾಯಿತು.

ಬೈಲಹೊಂಗಲ_ಹುಡುಗ

ಸ್ಕ್ಯಾನ್ ಆಯಿತು, ಆದರೆ ಫಂಕ್ಷನಲ್ ಒಂದು ಬಿಟ್ಟು. ಅದಕ್ಕೆ ಬೇರೆ ದಿನ ಕೊಟ್ಟಿದ್ದಾರೆ. ಅವ್ವ ಈ ಸಲ ಅಳಲಿಲ್ಲ. ಒಳಗೆ ಕಾಲು ಹಿಡಿದುಕೊಂಡು ನಿಂತಿದ್ದು ಕಾಕಾನೇ.

ರಿಪೋರ್ಟಿನಲ್ಲಿ ಇರುವುದು: ಕಾಂಟ್ರಾಸ್ಟ್ ಹಿಡಿದಿಲ್ಲ. ಕೋಲೀನ್ ಏರಿದೆ, ಎನ್ಎಎ ಇಳಿದಿದೆ, ಲ್ಯಾಕ್ಟೇಟ್ ಇಲ್ಲ, ಕೊಬ್ಬು ಇಲ್ಲ. ಪರ್ಫ್ಯೂಷನ್ ಏರಿಲ್ಲ. ಟಿ2 ಫ್ಲೇರ್ ಮಿಸ್‌ಮ್ಯಾಚ್ ಇದೆ ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾರೆ. ಅಂದರೆ ಗಡ್ಡೆಯೇ ಅಲ್ವಾ? ಆದರೆ ಬೇಗ ಬೆಳೆಯುವುದಲ್ಲ ಅಂತ ಅರ್ಥಾನಾ?

ರೇಡಿಯಾಲಜಿ_ಪಿಜಿ

ರಿಪೋರ್ಟ್ ಗಡ್ಡೆಯ ಕಡೆಗೇ ಹೇಳುತ್ತಿದೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಟಿಬಿ, ಕೀವು, ಹಳೇ ಇನ್‌ಫಾರ್ಕ್ಟ್ ಇವೆಲ್ಲ ಹಿಂದೆ ಸರಿದವು.

ಗೆರೆ ಎಳೆದಿದ್ದಕ್ಕೆ ಕಾರಣ ಇದೆ. ಟಿ2, ಫ್ಲೇರ್ ಅಂದರೆ ಎಂಆರ್‌ಐನಲ್ಲಿ ತೆಗೆಯುವ ಎರಡು ಥರದ ಚಿತ್ರ. ಟಿ2 ಚಿತ್ರದಲ್ಲಿ ಇಡೀ ಗಡ್ಡೆ ಒಂದೇ ಸಮ ಬೆಳ್ಳಗಿದ್ದು, ಫ್ಲೇರ್‌ನಲ್ಲಿ ಒಳಗೆಲ್ಲ ಕಪ್ಪಾಗಿ ಅಂಚು ಮಾತ್ರ ಬೆಳ್ಳಗೆ ಉಳಿದರೆ ಅದಕ್ಕೆ ಮಿಸ್‌ಮ್ಯಾಚ್ ಅನ್ನುತ್ತೇವೆ. ಐಡಿಎಚ್ ಅನ್ನುವ ಜೀನ್ ಬದಲಾದ ಆಸ್ಟ್ರೋಸೈಟೋಮಾ ಅನ್ನುವ ಒಂದು ಥರದ ಗ್ಲಯೋಮಾದಲ್ಲಿ ಇದು ಕಾಣುತ್ತದೆ. ಎಲ್ಲರಲ್ಲೂ ಕಾಣುವುದಿಲ್ಲ, ಆದರೆ ಕಂಡರೆ ನಂಬಬಹುದಾದ ಗುರುತು. ಐಡಿಎಚ್ ಬದಲಾದ ಗಡ್ಡೆ ಆ ಬದಲಾವಣೆ ಇಲ್ಲದ ಗ್ಲಯೋಬ್ಲಾಸ್ಟೋಮಾಗಿಂತ ನಿಧಾನ, ಚಿಕಿತ್ಸೆಗೂ ಚೆನ್ನಾಗಿ ಬಗ್ಗುತ್ತದೆ. 2016ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಗಡ್ಡೆಯ ಹೆಸರಿನ ಜೊತೆಗೇ ಈ ಜೀನ್ ಹೆಸರು ಸೇರಿಸಿ ಬರೆಯುತ್ತಾರೆ.

ಆದರೂ ಸ್ಕ್ಯಾನ್ ನೋಡಿ ಗ್ರೇಡ್ ಬರೆಯಲು ಆಗುವುದಿಲ್ಲ. ಪರ್ಫ್ಯೂಷನ್ ಕೂಡ ಮೋಸ ಮಾಡುತ್ತದೆ, ಆಲಿಗೋಡೆಂಡ್ರೋಗ್ಲಯೋಮಾ ಅನ್ನುವ ಗಡ್ಡೆ ನಿಧಾನದ್ದಾದರೂ ರಕ್ತ ಜಾಸ್ತಿ ತೋರಿಸಬಹುದು. ಕೊನೆಗೆ ಹೇಳುವವರು ಪೆಥಾಲಜಿಯವರೇ, ಗಡ್ಡೆಯ ಚೂರನ್ನು ನೋಡಿ, ಜೀನ್ ಪರೀಕ್ಷೆ ಮಾಡಿ. ಸ್ಪೆಕ್ಟ್ರೋಸ್ಕೋಪಿ, ಪರ್ಫ್ಯೂಷನ್ ಆಗಿರುವುದರಿಂದ ಚೂರು ಎಲ್ಲಿಂದ ತೆಗೆಯಬೇಕು ಅನ್ನುವುದು ಸರ್ಜನ್‌ಗೆ ಗೊತ್ತಿರುತ್ತದೆ. ದೊಡ್ಡ ಗಡ್ಡೆಯ ಎಲ್ಲ ಭಾಗವೂ ಒಂದೇ ಥರ ಇರುವುದಿಲ್ಲ, ಸುಮ್ಮನಿರುವ ಕಡೆಯಿಂದ ತೆಗೆದರೆ ಉತ್ತರ ತಪ್ಪಾಗುತ್ತದೆ.

ಬೈಲಹೊಂಗಲ_ಹುಡುಗ

ಧನ್ಯವಾದ ಸರ್. ಅವ್ವನಿಗೆ ಹೇಳಿದೆವು. ಸುಮ್ಮನೆ ಕೇಳಿಸಿಕೊಂಡು, "ಮಾತು ಉಳೀತದಲ್ಲ?" ಅಂತ ಒಂದೇ ಮಾತು ಕೇಳಿದಳು.

ಅದಕ್ಕೇ ಈ ಪ್ರಶ್ನೆ. ಫಂಕ್ಷನಲ್ ಎಂಆರ್‌ಐನಲ್ಲಿ ಮಾತಿನ ಜಾಗ ನೋಡುವಾಗ ಪರದೆ ಮೇಲೆ ಶಬ್ದ ಓದಿಸುತ್ತಾರಂತೆ. ಅವ್ವನಿಗೆ ಓದಲು ಬರುವುದಿಲ್ಲ. ಇನ್ನೊಂದು, ಅವಳ ತವರು ಖಾನಾಪುರದ ಕಡೆ, ಹುಟ್ಟುಮಾತು ಮರಾಠಿ. ಮದುವೆಯಾಗಿ ಬಂದು 26 ವರ್ಷ ನಮ್ಮ ಜೊತೆ ಕನ್ನಡ. ನಮ್ಮನ್ನು ಬೈಯುವುದು ಕನ್ನಡದಲ್ಲಿ, ಮಾಮಾನ ಜೊತೆ ಫೋನಿನಲ್ಲಿ ಅಳುವುದು ಮರಾಠಿಯಲ್ಲಿ. ಯಾವ ಭಾಷೆಯಲ್ಲಿ ಪರೀಕ್ಷೆ ಮಾಡುತ್ತಾರೆ?

ರೇಡಿಯಾಲಜಿ_ಪಿಜಿ

ಇದು ನೀವೇ ಹೋಗಿ ಅವರಿಗೆ ಮೊದಲು ಹೇಳಬೇಕಾದ ವಿಷಯ. ಎರಡೂ ಭಾಷೆಯಲ್ಲಿ ಮಾಡಿ ಅಂತ ಕೇಳಿ. ಎರಡು ಭಾಷೆಗಳ ಜಾಗ ಬಹುಪಾಲು ಒಂದೇ ಇರುತ್ತದೆ, ಆದರೂ ಕೆಲವರಲ್ಲಿ ಸ್ವಲ್ಪ ಆಚೀಚೆ ಇರುತ್ತದೆ. ಒಂದನ್ನು ಕಾಪಾಡಿ ಇನ್ನೊಂದಕ್ಕೆ ಪೆಟ್ಟಾಗಬಾರದು. ಬೆಳಗಾವಿಯಲ್ಲಿ ಇಂಥ ಮನೆ ಎಷ್ಟಿಲ್ಲ ಹೇಳಿ!

ಓದಲು ಬರದಿದ್ದರೆ ಅಡ್ಡಿಯಿಲ್ಲ. ಚಿತ್ರ ತೋರಿಸಿ ಹೆಸರು ಮನಸ್ಸಿನಲ್ಲೇ ಹೇಳಿಸುತ್ತಾರೆ, ಇಲ್ಲವೇ ಕಾಳುಗಳ ಹೆಸರು, ತರಕಾರಿ ಹೆಸರು ಅಂತ ಒಂದೊಂದಾಗಿ ಬಾಯಿ ಆಡಿಸದೆ ನೆನೆಸಿಕೊಳ್ಳಲು ಹೇಳುತ್ತಾರೆ. ಅರ್ಧ ನಿಮಿಷ ನೆನೆಸುವುದು, ಅರ್ಧ ನಿಮಿಷ ಬಿಡುವುದು, ಹೀಗೆ ಹಲವು ಸಲ. ಕೆಲಸ ಮಾಡುವ ಮೆದುಳಿನ ಭಾಗಕ್ಕೆ ಆಕ್ಸಿಜನ್ ತುಂಬಿದ ರಕ್ತ ಜಾಸ್ತಿ ಬರುತ್ತದೆ. ಆಕ್ಸಿಜನ್ ಇರುವ ರಕ್ತಕ್ಕೂ ಇಲ್ಲದ ರಕ್ತಕ್ಕೂ ಅಯಸ್ಕಾಂತದ ಗುಣ ಬೇರೆ. 1990ರಲ್ಲಿ ಸೇಜಿ ಒಗಾವಾ ಇದನ್ನು ತೋರಿಸಿದರು, ಫಂಕ್ಷನಲ್ ಎಂಆರ್‌ಐ ನಿಂತಿರುವುದೇ ಅದರ ಮೇಲೆ.

ಒಂದು ಎಚ್ಚರ. ಗಡ್ಡೆಯ ಪಕ್ಕದ ರಕ್ತನಾಳಗಳು ಸರಿಯಾಗಿ ಸ್ಪಂದಿಸದಿದ್ದರೆ, ಅಲ್ಲಿ ಮಾತಿನ ಜಾಗ ಇದ್ದರೂ ಬಣ್ಣ ಕಾಣದೇ ಹೋಗಬಹುದು. ಅದಕ್ಕೇ ಇಂಥ ಕಡೆ ಸರ್ಜನ್‌ಗಳು ಆಪರೇಷನ್ ನಡುವೆ ರೋಗಿಯನ್ನು ಎಚ್ಚರ ಮಾಡಿ, ಮಾತಾಡಿಸುತ್ತಾ, ಸಣ್ಣ ಕರೆಂಟಿನಿಂದ ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಮೆದುಳಿಗೆ ತನ್ನದೇ ನೋವು ಇಲ್ಲ, ಹೆದರಬೇಡಿ.

ಟ್ರ್ಯಾಕ್ಟೋಗ್ರಫಿಯನ್ನು ಕಬ್ಬಿನ ಹೊಲದ ನೀರಿನ ಹಾಗೆ ಅಂದುಕೊಳ್ಳಿ. ನೀರು ಸಾಲಿನ ಉದ್ದಕ್ಕೆ ಸಲೀಸಾಗಿ ಹರಿಯುತ್ತದೆ, ಬದು ದಾಟಿ ಅಡ್ಡ ಹೋಗುವುದಿಲ್ಲ. ಮೆದುಳಿನ ನರದ ಎಳೆಗಳ ನಡುವೆಯೂ ನೀರು ಹಾಗೇ. ಅದರ ದಿಕ್ಕು ಹಿಡಿದು ಎಳೆಗಳ ದಾರಿ ಗುರುತಿಸುತ್ತಾರೆ. ಎಡ ಬಲ ಹೋಗುವುದು ಕೆಂಪು, ಹಿಂದೆ ಮುಂದೆ ಹಸಿರು, ಮೇಲೆ ಕೆಳಗೆ ನೀಲಿ. ಗಡ್ಡೆ ಆ ಎಳೆಗಳನ್ನು ಪಕ್ಕಕ್ಕೆ ತಳ್ಳಿದೆಯೋ, ಒಳಗೆ ನುಗ್ಗಿದೆಯೋ ಅಂತ ಸರ್ಜನ್‌ಗೆ ಅದರಿಂದ ಗೊತ್ತಾಗುತ್ತದೆ.

ಬೈಲಹೊಂಗಲ_ಹುಡುಗ

ಫಂಕ್ಷನಲ್ ಎಂಆರ್‌ಐ ಮುಗಿಯಿತು. ಎರಡೂ ಭಾಷೆಯಲ್ಲಿ ಮಾಡಿದರು, ನಾವು ಕೇಳಿದ ಕೂಡಲೇ ಒಪ್ಪಿದರು. ಅವ್ವ ಒಂದು ವಾರ ರಾತ್ರಿ ಊಟ ಆದ ಮೇಲೆ ಮಂಚದ ಮೇಲೆ ಮಲಗಿ ಅಭ್ಯಾಸ ಮಾಡಿದ್ದಳು. ನಾನು ಮೊಬೈಲ್‌ನಲ್ಲಿ ಅರ್ಧ ಅರ್ಧ ನಿಮಿಷ ನೋಡುತ್ತಿದ್ದೆ. ಕನ್ನಡದಲ್ಲಿ ಹೆಸರುಕಾಳು, ಮಡಿಕೆಕಾಳು, ಅಲಸಂದಿ, ತೊಗರಿ, ಕಡಲೆ, ಹುರುಳಿ. ಮರಾಠಿ ಸುತ್ತಿನಲ್ಲಿ ಮೂಗ, ಮಟಕಿ, ಚವಳಿ ಅಂತ ಶುರು ಮಾಡಿ ನಡುವೆ ಕನ್ನಡಕ್ಕೆ ಹೋಗಿಬಿಟ್ಟಳಂತೆ. ಹೊರಗೆ ಬಂದವಳೇ ತಪ್ಪಿತು ಅಂತ ಟೆಕ್ನಿಷಿಯನ್‌ಗೆ ಹೇಳಿದಳು. ಅವರು ನಕ್ಕು, ಹೇಳಿದ್ದು ಒಳ್ಳೆಯದಾಯಿತು ಅವ್ವಾ ಅಂತ ಆ ಸುತ್ತನ್ನು ಮತ್ತೆ ಮಾಡಿದರು.

ಸರ್ಜನ್ ಪರದೆ ಮೇಲೆ ತೋರಿಸಿದರು. ಮಾತಿನ ಜಾಗ ಗಡ್ಡೆಯ ಹಿಂದಕ್ಕೆ ಅಂಟಿಕೊಂಡಂತೆ ಇದೆ, ಎಳೆಗಳು ಹಿಂದೆ ಸರಿದಿವೆ, ಆದರೆ ಕಡಿದಿಲ್ಲ. ಬಲಗೈಯ ಎಳೆಗಳು ಇನ್ನೂ ದೂರ. ಎಚ್ಚರ ಇಟ್ಟುಕೊಂಡೇ ಆಪರೇಷನ್ ಮಾಡುತ್ತಾರೆ. ಎಲ್ಲ ತೆಗೆಯಲು ಆಗದಿದ್ದರೆ ಹಿಂದಿನ ಅಂಚು ಸ್ವಲ್ಪ ಬಿಡುತ್ತೇನೆ, ಮಾತಿಗೆ ಕೈ ಹಾಕುವುದಿಲ್ಲ ಅಂತ ಅವ್ವನ ಮುಖ ನೋಡಿ ಹೇಳಿದರು. ಕಾಕಾ ಅಲ್ಲೇ ಕೈ ಮುಗಿದರು.

ಆಪರೇಷನ್ ನಡುವೆ ತೋರಿಸಲು ಚಿತ್ರದ ಕಾರ್ಡ್ ಇವೆ, ಅದರಲ್ಲಿ ಅವ್ವನಿಗೆ ಗೊತ್ತಿಲ್ಲದ ಸಾಮಾನು ಇದ್ದರೆ ತೆಗೆಯೋಣ, ಮನೆಯಲ್ಲಿ ದಿನಾ ಬಳಸುವ ಸಾಮಾನಿನ ಫೋಟೋ ತನ್ನಿ ಅಂತ ಹೇಳಿದ್ದಾರೆ. ನಿನ್ನೆ ಇಡೀ ಮನೆ ಸುತ್ತಿ ಮೂವತ್ತು ಫೋಟೋ ತೆಗೆದೆ. ರಾತ್ರಿ ಒಂದೊಂದೇ ತೋರಿಸಿದೆ. ಮರದ ಫೋಟೋ ನೋಡಿ, ಅದರಲ್ಲಿ ಜೋಳ ಕೇರುತ್ತೇವಲ್ಲ ಆ ಮರ, ಕನ್ನಡದಲ್ಲಿ ಮರ ಅಂದಳು, ಮರಾಠಿಯಲ್ಲಿ ಸೂಪ. ಬೀಸುವ ಕಲ್ಲಿಗೆ ಜಾತೆ. ಕುಡಗೋಲಿಗೆ ವಿಳಾ. ಇಪ್ಪತ್ತೊಂಬತ್ತು ಸರಿ ಹೇಳಿದಳು. ಮೂವತ್ತನೆಯದು ನನ್ನ ಹಳೇ ಸೈಕಲ್ ಪಂಪು, ಅದನ್ನು ತೆಗೆದುಹಾಕಿದೆ. ಸಿಡಿ ಎರಡು ಕಾಪಿ ಮಾಡಿಸಿದ್ದೇನೆ. ಬುಧವಾರ ಅಡ್ಮಿಟ್.

ಎಂಆರ್‌ಐ_ಟೆಕ್ನಿಷಿಯನ್

ಒಳ್ಳೆಯದಾಗಲಿ ತಮ್ಮಾ. ಆಪರೇಷನ್ ಆದ ಎರಡು ಮೂರು ದಿನದೊಳಗೆ ಮತ್ತೆ ಒಂದು ಎಂಆರ್‌ಐ ಮಾಡುತ್ತಾರೆ, ಎಷ್ಟು ಉಳಿದಿದೆ ಅಂತ ನೋಡಲು. ಅದಕ್ಕಿಂತ ತಡವಾದರೆ ಗಾಯದ ಕಾಂಟ್ರಾಸ್ಟ್ ಸೇರಿ ಓದುವುದು ಕಷ್ಟ. ಕಾಕಾಗೆ ಈಗಲೇ ಹೇಳಿಡಿ. ಕಾಲುಂಗುರ ವಾಪಸ್ ಹಾಕಬೇಡಿ.